ಗೆಳತಿಯ ಜೊತೆ ವಿಯೆಟ್ನಾಂ: ನಾನು ಎಲ್ಲ ತಿನ್ನುತ್ತೇನೆ, ಅವಳು ಸಸ್ಯಾಹಾರಿ. ಹೇಗೆ ಪ್ಲ್ಯಾನ್ ಮಾಡುವುದು?

ನೀಲಿಚೀಲ

ಎಲ್ಲರಿಗೂ ನಮಸ್ಕಾರ.

ನಾನು, ನನ್ನ ಗೆಳತಿ ಇಬ್ಬರೇ ವಿಯೆಟ್ನಾಂಗೆ ಹೊರಟಿದ್ದೇವೆ. ಎರಡು ವಾರದ ಆಸುಪಾಸು ಸಮಯ ಸಿಗುತ್ತದೆ. ಹನೋಯ್‌ನಲ್ಲಿ ಇಳಿದು, ನಿಧಾನವಾಗಿ ದಕ್ಷಿಣಕ್ಕೆ ಬಂದು, ಸೈಗಾನ್‌ನಿಂದ (ಈಗಿನ ಹೋ ಚಿ ಮಿನ್ ನಗರ) ವಾಪಸ್ ಹೊರಡುವ ಯೋಚನೆ. ಯಾವ ತಿಂಗಳು ಅನ್ನೋದು ಇನ್ನೂ ಗಟ್ಟಿಯಾಗಿಲ್ಲ. ಟಿಕೆಟ್ ಮಾಡಿಸಿಲ್ಲ.

ಬೀಚು, ರೆಸಾರ್ಟು ಇವೆಲ್ಲ ನಮಗೆ ಅಷ್ಟು ಮುಖ್ಯ ಅಲ್ಲ. ಅಲ್ಲಿನ ಜನ ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ, ಊರಿನ ಹಳೇ ಕಥೆ ಏನು ಅಂತ ಹತ್ತಿರದಿಂದ ನೋಡಬೇಕು. ಅದಕ್ಕೇ ಹೋಗುತ್ತಿರುವುದು.

ತೊಡಕು ಇಲ್ಲಿದೆ. ನಾನು ಏನು ಕೊಟ್ಟರೂ ತಿನ್ನುತ್ತೇನೆ. ಅವಳು ಮಾಂಸ, ಮೀನು ಎರಡನ್ನೂ ಮುಟ್ಟುವುದಿಲ್ಲ. ಮೊಟ್ಟೆ, ಹಾಲು ನಡೆಯುತ್ತದೆ. ನನಗೆ ಬೆಳಗ್ಗೆ ಐದಕ್ಕೇ ಎಚ್ಚರ ಆಗುತ್ತದೆ, ಮಾರ್ಕೆಟ್ ಸುತ್ತುವುದು ಇಷ್ಟ. ಅವಳು ಎಂಟರ ಮೊದಲು ಏಳುವವಳಲ್ಲ. ಆದರೆ ಒಂದು ಮ್ಯೂಸಿಯಂ ಒಳಗೆ ಬಿಟ್ಟರೆ ಬಾಗಿಲು ಹಾಕುವವರೆಗೂ ಹೊರಗೆ ಬರುವುದಿಲ್ಲ. ನಮ್ಮ ಸ್ನೇಹ ತುಂಬ ಹಳೆಯದು. ಹೊರದೇಶಕ್ಕೆ ಜೊತೆಯಾಗಿ ಹೋಗುತ್ತಿರುವುದು ಮಾತ್ರ ಇದೇ ಮೊದಲು.

ಅವಳು ಯಾವುದಕ್ಕೂ ಬೇಡ ಅನ್ನುವವಳಲ್ಲ. ಅದೇ ನನ್ನ ಚಿಂತೆ. ನನಗೋಸ್ಕರ ಅಂತ ಎಲ್ಲ ಕಡೆ ಬಂದು ಕೂತು, ತಾನು ಸುಮ್ನೆ ಬ್ರೆಡ್ಡು, ಬಾಳೆಹಣ್ಣು ತಿಂದು ದಿನ ಕಳೆದರೆ ನನಗೆ ಒಂದು ತುತ್ತೂ ಒಳಗೆ ಇಳಿಯುವುದಿಲ್ಲ. ಈ ಪ್ರವಾಸ ನನ್ನದಾದಷ್ಟೇ ಅವಳದ್ದೂ ಆಗಬೇಕು.

ಹೋಗಿ ಬಂದವರು ಹೇಳಿ. ಸಸ್ಯಾಹಾರಿಗೆ ಅಲ್ಲಿ ನಿಜವಾಗಿ ರುಚಿಯಾದ ಊಟ ಸಿಗುತ್ತದಾ, ಇಲ್ಲಾ ಹೊಟ್ಟೆ ತುಂಬಿದರೆ ಸಾಕು ಅನ್ನುವಂಥದ್ದಾ? ಯಾವ ಊರಲ್ಲಿ ಜಾಸ್ತಿ ದಿನ ಇರಬೇಕು? ಅಡುಗೆ ಕಲಿಸುವ ಕ್ಲಾಸ್‌ಗೆ ದುಡ್ಡು ಹಾಕಬಹುದಾ? ಇಬ್ಬರ ಖರ್ಚು ಹೇಗೆ ಇಟ್ಟುಕೊಂಡಿರಿ ಅನ್ನುವುದನ್ನೂ ಹೇಳಿದರೆ ಉಪಕಾರ.

ಒಲೆಮುಂದೆ

ಇದೇ ದಾರಿಯಲ್ಲಿ, ಉತ್ತರದಿಂದ ದಕ್ಷಿಣಕ್ಕೆ, ನಾನೂ ನನ್ನ ಗೆಳತಿಯೂ ಹೋಗಿದ್ದೆವು. ಅವಳಿಗೆ ಇತಿಹಾಸದ ಹುಚ್ಚು. ನನಗೆ ಅಡುಗೆಮನೆಗಳ ಹುಚ್ಚು. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟು. ಇಬ್ಬರೂ ಮೂರು ಹೊತ್ತೂ ಒಂದೇ ಮೇಜಿಗೆ ಕೂರಲೇಬೇಕು ಅನ್ನುವ ಹಟ ಬೇಡ. ದಿನಕ್ಕೆ ಒಂದು ಊಟ ಇಬ್ಬರದ್ದು. ಅದನ್ನು ತಪ್ಪಿಸಬೇಡಿ, ಅದರಲ್ಲಿ ಆತುರವನ್ನೂ ಮಾಡಬೇಡಿ. ಉಳಿದ ಹೊತ್ತು ಅವರವರ ಹೊಟ್ಟೆ ಅವರವರಿಗೆ. ವಿಯೆಟ್ನಾಂ ಇದಕ್ಕೆ ಹೇಳಿ ಮಾಡಿಸಿದ ದೇಶ.

ಯಾಕೆ ಅಂದರೆ, ಅಲ್ಲಿ ಬೀದಿಬದಿಯ ಒಂದು ಅಂಗಡಿ ಅಂದರೆ ಸಾಮಾನ್ಯವಾಗಿ ಒಂದೇ ತಿಂಡಿ. ಉದ್ದದ ಮೆನು ಇರುವುದಿಲ್ಲ. ಎದುರಿಗೆ ದೊಡ್ಡ ಪಾತ್ರೆ, ಪಕ್ಕದಲ್ಲಿ ಗಿಡ್ಡ ಪ್ಲಾಸ್ಟಿಕ್ ಸ್ಟೂಲು. ಬೆರಳಲ್ಲಿ ಒಂದು ಅಂತ ತೋರಿಸಿದರೆ ಒಂದು ಬಟ್ಟಲು ಬರುತ್ತದೆ. ಹತ್ತು ನಿಮಿಷದಲ್ಲಿ ತಿಂದು ಎದ್ದು ಹೋಗಬಹುದು. ಕೆಲಸಕ್ಕೆ ಹೊರಟವರು ಒಬ್ಬೊಬ್ಬರೇ ಕೂತು ಉಣ್ಣುತ್ತಿರುತ್ತಾರೆ. ಒಂಟಿಯಾಗಿ ಕೂತ ಹೆಂಗಸನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಒಂದೊಂದು ತಿಂಡಿಗೆ ಅದರದ್ದೇ ಹೊತ್ತೂ ಇದೆ. ಫೋ, ಅಂದರೆ ಅಕ್ಕಿ ಶ್ಯಾವಿಗೆ ಹಾಕಿದ ಮಾಂಸದ ಸಾರು, ಮುಖ್ಯವಾಗಿ ಬೆಳಗಿನದು. ಎಲುಬನ್ನು ಗಂಟೆಗಟ್ಟಲೆ ಕುದಿಸಿ, ಚಕ್ರಮೊಗ್ಗು, ಚಕ್ಕೆ, ಕೆಂಡದಲ್ಲಿ ಸುಟ್ಟ ಶುಂಠಿ, ಸುಟ್ಟ ಈರುಳ್ಳಿ ಹಾಕಿ ಆ ಸಾರು ಮಾಡುತ್ತಾರೆ. ಒಳ್ಳೆಯ ಅಂಗಡಿಯಲ್ಲಿ ಸಾರು ಮುಗಿದರೆ ಆ ದಿನದ ವ್ಯಾಪಾರವೂ ಮುಗಿಯಿತು. ಬುನ್ ಚಾ ಮಧ್ಯಾಹ್ನದ್ದು. ಇದ್ದಿಲ ಮೇಲೆ ಸುಟ್ಟ ಹಂದಿಮಾಂಸ, ಹುಳಿ ಸಿಹಿ ಬೆರೆತ ತೆಳು ಸಾಸು, ಅಕ್ಕಿ ಶ್ಯಾವಿಗೆ, ತಟ್ಟೆ ತುಂಬ ಹಸಿ ಸೊಪ್ಪು. ಹನ್ನೊಂದಾಗುತ್ತಿದ್ದ ಹಾಗೆ ಹನೋಯ್‌ನ ಹಳೇ ಬೀದಿಗಳಲ್ಲಿ ಅದರ ಹೊಗೆ ಏಳುತ್ತದೆ. 2016ರಲ್ಲಿ ಬರಾಕ್ ಒಬಾಮಾ ಹನೋಯ್‌ನ ಒಂದು ಸಣ್ಣ ಹೋಟೆಲ್‌ನಲ್ಲಿ ಗಿಡ್ಡ ಸ್ಟೂಲ್ ಮೇಲೆ ಕೂತು ತಿಂದದ್ದು ಇದನ್ನೇ.

ಇದನ್ನೆಲ್ಲ ನಿಮ್ಮಿಬ್ಬರಿಗೆ ಹೊಂದಿಸಿ ನೋಡಿ. ನಿಮಗೆ ಐದಕ್ಕೆ ಎಚ್ಚರ ಆಗುತ್ತದಲ್ವಾ? ಎದ್ದು ಹೊವಾನ್ ಕಿಯೆಮ್ ಕೆರೆಯ ಹತ್ತಿರ ಹೋಗಿ. ಆ ಹೊತ್ತಿಗೇ ಅಜ್ಜ ಅಜ್ಜಿಯರು ಗುಂಪು ಕಟ್ಟಿಕೊಂಡು ವ್ಯಾಯಾಮ ಮಾಡುತ್ತಿರುತ್ತಾರೆ, ಹಾಡು ಹಾಕಿಕೊಂಡು ಕುಣಿಯುತ್ತಿರುತ್ತಾರೆ. ಅಲ್ಲಿಂದ ನಡೆದುಕೊಂಡು ದೋಂಗ್ ಸ್ವಾನ್ ಮಾರ್ಕೆಟ್ ಸುತ್ತ ಒಂದು ಸುತ್ತು. ಆಮೇಲೆ ನಿಮ್ಮ ಫೋ. ಇಷ್ಟೂ ಮುಗಿದಾಗ ನಿಮ್ಮ ಗೆಳತಿ ಆಗ ತಾನೆ ಎದ್ದಿರುತ್ತಾರೆ. ಒಂಬತ್ತಕ್ಕೆ ಇಬ್ಬರೂ ಸೇರಿ ಕಾಫಿಗೆ ಹೋಗಿ.

ಹನೋಯ್‌ನಲ್ಲಿ ಮೊಟ್ಟೆ ಕಾಫಿ ಅಂತ ಒಂದಿದೆ. ನಿಮ್ಮ ಗೆಳತಿ ಮೊಟ್ಟೆ ತಿನ್ನುತ್ತಾರೆ ಅಂದಿರಿ, ಬಿಡಲೇಬಾರದು. 1946ರಲ್ಲಿ ಹಾಲು ಸಿಗದ ಕಾಲದಲ್ಲಿ ಮೆಟ್ರೊಪೋಲ್ ಹೋಟೆಲ್‌ನಲ್ಲಿ ಕೆಲಸ ಮಾಡುತ್ತಿದ್ದ ನುಯೆನ್ ವಾನ್ ಜಾಂಗ್ ಅನ್ನುವವರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ನೊರೆ ಬರುವಂತೆ ಕಡೆದು ಕಾಫಿ ಮೇಲೆ ಹಾಕಿದರು. ಅವರ ಹೆಸರಿನ ಅಂಗಡಿ ಇವತ್ತಿಗೂ ಇದೆ. ಹಸಿ ವಾಸನೆ ಸ್ವಲ್ಪವೂ ಬರುವುದಿಲ್ಲ. ಕಪ್ಪನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕೊಡುತ್ತಾರೆ. ಬಿಸಿ ಇದ್ದಾಗಲೇ ಕುಡಿಯಿರಿ, ತಣ್ಣಗಾದರೆ ಆ ನೊರೆಗೆ ಬೆಲೆ ಇಲ್ಲ.

ಹನೋಯ್‌ನ ಹಳೇ ಪೇಟೆ ಮಾತ್ರ ಇಬ್ಬರೂ ಜೊತೆಗೇ ನೋಡಬೇಕಾದ ಜಾಗ. ಅಲ್ಲಿ ಒಂದೊಂದು ಬೀದಿಗೂ ಅಲ್ಲಿ ಮಾರುತ್ತಿದ್ದ ಸರಕಿನ ಹೆಸರು. ಹಾಂಗ್ ಬಾಕ್ ಬೆಳ್ಳಿಯ ಬೀದಿ. ಹಾಂಗ್ ಮಾ ಪೂಜೆಗೆ ಸುಡುವ ಕಾಗದದ ಸಾಮಾನಿನ ಬೀದಿ, ಇವತ್ತಿಗೂ ಅದೇ ವ್ಯಾಪಾರ. ಬಣ್ಣದ ಬೀದಿಯಾಗಿದ್ದ ಹಾಂಗ್ ಸೋನ್‌ನಲ್ಲಿ ಅರಿಸಿನ, ಸಬ್ಬಸಿಗೆ ಸೊಪ್ಪು ಹಾಕಿದ ಮೀನಿನ ಅಡುಗೆ ಎಷ್ಟು ಹೆಸರು ಮಾಡಿತು ಅಂದರೆ, ಬೀದಿಯ ಹೆಸರೇ ಆ ಅಡುಗೆಯ ಹೆಸರಿಗೆ, ಚಾ ಕಾ ಅಂತ, ಬದಲಾಯಿತು. ಊಟವೂ ಚರಿತ್ರೆಯೂ ಒಂದೇ ಬೋರ್ಡಿನ ಮೇಲೆ ಇರುವಾಗ ನೀವಿಬ್ಬರೂ ಬೇರೆ ಬೇರೆ ಕಡೆ ಹೋಗಬೇಕಾಗಿಲ್ಲ. ಸಾಹಿತ್ಯ ದೇಗುಲ ಅಂತ 1070ರಲ್ಲಿ ಕಟ್ಟಿದ್ದು ಒಂದಿದೆ, ಕನ್‌ಫ್ಯೂಷಿಯಸ್‌ನ ಗುಡಿ. ಪರೀಕ್ಷೆ ಪಾಸಾದ ವಿದ್ವಾಂಸರ ಹೆಸರು ಕೆತ್ತಿದ 82 ಕಲ್ಲುಗಳು ಆಮೆಗಳ ಬೆನ್ನ ಮೇಲೆ ನಿಂತಿವೆ. ಅಲ್ಲಿ ಗೆಳತಿಗೆ ಅರ್ಧ ದಿನ ಕೊಟ್ಟುಬಿಡಿ.

ಜಾಸ್ತಿ ದಿನ ಎಲ್ಲಿ ಅಂತ ಕೇಳಿದಿರಿ. ನನ್ನ ಉತ್ತರ ಹ್ವೇ. ತುಂಬ ಜನ ಹನೋಯ್‌ನಿಂದ ನೇರ ಹೊಯ್ ಆನ್‌ಗೆ ಹೋಗುತ್ತಾರೆ, ಹ್ವೇಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೊರಡುತ್ತಾರೆ. ನಿಮ್ಮಂಥ ಜೋಡಿಗೆ ಅದು ಅನ್ಯಾಯ.

1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿ ಹ್ವೇ. ಕೋಟೆಯೊಳಗೆ ಕೋಟೆ, ಅದರೊಳಗೆ ಅರಮನೆ. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ, 1968ರ ಕದನದಲ್ಲಿ ಬಹಳಷ್ಟು ನೆಲಸಮ ಆಯಿತು. ಖಾಲಿ ಬಿದ್ದ ಅಡಿಪಾಯಗಳ ಮೇಲೆ ಈಗ ಹುಲ್ಲು ಬೆಳೆದಿದೆ. ಉಳಿದದ್ದನ್ನು ನಿಧಾನವಾಗಿ ದುರಸ್ತಿ ಮಾಡುತ್ತಿದ್ದಾರೆ. ಸಿಂಹಾಸನ ಇರುವ ಥಾಯ್ ಹೋವಾ ಅರಮನೆ 2024ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು.

ಅರಮನೆಯ ಊರಾದ್ದರಿಂದ ಅಲ್ಲಿನ ತಿಂಡಿಗಳೂ ಚಿಕ್ಕ, ನಾಜೂಕು. ಬಾನ್ ಬೆಯೊ ಅಂತ ಇದೆ. ಅಂಗೈಯೊಳಗೆ ಹಿಡಿಯುವಷ್ಟು ಪಿಂಗಾಣಿ ತಟ್ಟೆಯಲ್ಲಿ ಅಕ್ಕಿಹಿಟ್ಟನ್ನು ತೆಳುವಾಗಿ ಹಬೆಯಲ್ಲಿ ಬೇಯಿಸಿ, ಮೇಲೆ ಒಣ ಸಿಗಡಿ ಪುಡಿ ಉದುರಿಸಿ, ತಟ್ಟೆಗಳನ್ನು ಹರಿವಾಣದಲ್ಲಿ ಜೋಡಿಸಿ ತಂದಿಡುತ್ತಾರೆ. ಚಮಚದಲ್ಲಿ ಅಂಚು ಬಿಡಿಸಿ ಒಂದೇ ಬಾರಿಗೆ ಬಾಯಿಗೆ. ನಾವು ಹೋದ ಅಂಗಡಿಯ ಅಜ್ಜಿ ನನ್ನ ಗೆಳತಿ ಅಂಚು ಬಿಡಿಸುವ ರೀತಿ ನೋಡಿ, ಚಮಚ ತಾನೇ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ ತೋರಿಸಿದರು. ಆಮೇಲೆ ಅವಳು ಸರಿಯಾಗಿ ಬಿಡಿಸುವವರೆಗೂ ಎದುರಿಗೇ ನಿಂತಿದ್ದರು. ಒಂದು ಮಾತೂ ಇಲ್ಲದೆ ನಡೆದ ಪಾಠ ಅದು. ನನಗೆ ಆ ಅಜ್ಜಿಯ ಮೇಲೆ ಇವತ್ತಿಗೂ ಪ್ರೀತಿ.

ಮಾರನೆಯ ಬೆಳಗ್ಗೆ ಅವಳು ಮತ್ತೆ ಕೋಟೆಗೆ ಹೋದಳು. ನಾನು ದೋಂಗ್ ಬಾ ಮಾರ್ಕೆಟ್‌ಗೆ. ಅಲ್ಲಿ ಸಿಗಡಿಯನ್ನು ಉಪ್ಪು ಹಾಕಿ ಕಳಿಸಿ ಮಾಡುವ ಮಾಮ್ ರುವೋಕ್ ಗುಡ್ಡೆ ಗುಡ್ಡೆಯಾಗಿ ಇಟ್ಟಿರುತ್ತಾರೆ. ಹ್ವೇಯ ಬುನ್ ಬೋ, ಅಂದರೆ ದನದ ಮಾಂಸದ ಶ್ಯಾವಿಗೆ ಸಾರಿಗೆ ಆ ಗಾಢ ರುಚಿ ಬರುವುದು ಅದರಿಂದ, ಜೊತೆಗೆ ಮಜ್ಜಿಗೆ ಹುಲ್ಲಿನಿಂದ. ವಾಸನೆ ಜೋರು. ಅವಳನ್ನು ಕರೆದುಕೊಂಡು ಹೋಗಿದ್ದರೆ ಐದು ನಿಮಿಷ ನಿಲ್ಲುತ್ತಿರಲಿಲ್ಲ. ನಾನು ಇಡೀ ಬೆಳಗ್ಗೆ ಅಲ್ಲೇ ಕಳೆದೆ. ಸಂಜೆ ಸುಗಂಧ ನದಿಯ ದಂಡೆಯಲ್ಲಿ ಕೂತು ಇಬ್ಬರೂ ದಿನದ ಕಥೆ ಹೇಳಿಕೊಂಡೆವು. ಅರಸರ ಮನೆಯಲ್ಲಿ ಊಟಕ್ಕೆ ಚಿಕ್ಕ ಚಿಕ್ಕ ತಟ್ಟೆಗಳು ಸಾಲಾಗಿ ಬರುತ್ತಿದ್ದ ವಿಷಯ ಅವಳು ಹೇಳಿದಳು. ಹಿಂದಿನ ದಿನದ ಬಾನ್ ಬೆಯೊ ನನಗೆ ಆಗ ಅರ್ಥ ಆಯಿತು. ಜೊತೆಯಲ್ಲಿ ಹೋಗುವುದರ ನಿಜವಾದ ಲಾಭ ಇದು. ಬೇರೆ ಬೇರೆ ಕಡೆ ನೋಡಿ ಬಂದಿದ್ದಕ್ಕೇ ಸಂಜೆ ಹೇಳಲು ಅಷ್ಟು ಇತ್ತು.

ನಿಮ್ಮ ಗೆಳತಿಗೆ ಹ್ವೇ ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು. ಅದು ಬೌದ್ಧ ಮಠಗಳ ಊರು, ಸಸ್ಯಾಹಾರದ ಅಡುಗೆ ಅಲ್ಲಿ ತುಂಬ ಹಳೆಯದು. ಅದರ ಬಗ್ಗೆ ಸಸ್ಯಾಹಾರಿಗಳೇ ಬರೆದರೆ ಚೆನ್ನ. ಊರ ಹೊರಗೆ ನದಿ ಪಕ್ಕ 1601ರಲ್ಲಿ ಕಟ್ಟಿದ ಥಿಯೆನ್ ಮು ಪಗೋಡ ಇದೆ. ಹಿಂದಿನ ಅಂಗಳದಲ್ಲಿ ಒಂದು ಹಳೇ ನೀಲಿ ಆಸ್ಟಿನ್ ಕಾರು ನಿಲ್ಲಿಸಿದ್ದಾರೆ. 1963ರ ಜೂನ್ 11ರಂದು ಸೈಗಾನ್‌ನ ರಸ್ತೆಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಆತ್ಮಾಹುತಿ ಮಾಡಿಕೊಂಡ ಭಿಕ್ಷು ಥಿಕ್ ಕ್ವಾಂಗ್ ದುಕ್ ಆ ಜಾಗಕ್ಕೆ ಬಂದದ್ದು ಅದೇ ಕಾರಿನಲ್ಲಿ. ಬೌದ್ಧರ ಮೇಲಿನ ದಬ್ಬಾಳಿಕೆ ವಿರುದ್ಧದ ಪ್ರತಿಭಟನೆ ಅದು. ನೋಡಿ ಹೊರಗೆ ಬಂದಮೇಲೆ ತುಂಬ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ.

ಹೊಯ್ ಆನ್ ಚೆಂದದ ಊರು, ಜನಜಂಗುಳಿ ಜಾಸ್ತಿ. ಅಲ್ಲಿನ ಕಾವ್ ಲಾವ್ ತಿನ್ನಿ, ಬೇರೆ ಊರಲ್ಲಿ ಆ ರುಚಿ ಸಿಗುವುದಿಲ್ಲ. ಅದರ ದಪ್ಪ ಶ್ಯಾವಿಗೆಯನ್ನು ಬೂದಿ ನೀರಲ್ಲಿ ಅಕ್ಕಿ ನೆನೆಸಿ ಮಾಡುತ್ತಾರೆ. ಬಾ ಲೆ ಅನ್ನುವ ಹಳೇ ಬಾವಿಯ ನೀರೇ ಬೇಕು ಅನ್ನುತ್ತಾರೆ ಊರಿನವರು. ಬಾವಿ ಒಂದು ಸಂದಿಯೊಳಗೆ ಇದೆ, ಹೋಗಿ ನೋಡಬಹುದು. ಸೈಗಾನ್‌ಗೆ ಕೊನೆಯ ಎರಡು ಮೂರು ದಿನ ಸಾಕು. ನುಚ್ಚಕ್ಕಿಯ ಕೋಮ್ ತಾಮ್ ನಿಮಗೆ, ಯುದ್ಧದ ಮ್ಯೂಸಿಯಂ ಅವರಿಗೆ. ಆ ಮ್ಯೂಸಿಯಂ ಮನಸ್ಸಿಗೆ ಭಾರ. ಅದು ಮುಗಿದ ಮೇಲೆ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಹಸಿರೆಲೆ

ನಾನು ಮೊದಲಿಂದ ಸಸ್ಯಾಹಾರಿ. ವಿಯೆಟ್ನಾಂನಲ್ಲಿ ನಾನು ಉಪವಾಸ ಇರಲಿಲ್ಲ, ಬ್ರೆಡ್ ಮೇಲೆ ಬದುಕಲೂ ಇಲ್ಲ. ನಿಮ್ಮ ಗೆಳತಿಗೆ ಧೈರ್ಯ ಹೇಳಿ.

ಅಲ್ಲಿ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ. ಹಾಗಾಗಿ ಪ್ರತಿ ಊರಲ್ಲೂ ಸಸ್ಯಾಹಾರದ ಹೋಟೆಲ್ ಇರುತ್ತದೆ, ಪಗೋಡಗಳ ಹತ್ತಿರ ಹುಡುಕಿದರೆ ಬೇಗ ಸಿಗುತ್ತದೆ. ಬೋರ್ಡಿನ ಮೇಲೆ ‘ಚಾಯ್’ (chay, ಅಂದರೆ ಸಸ್ಯಾಹಾರ) ಅನ್ನುವ ಪದ ನೋಡಿ ಒಳಗೆ ಹೋಗುವುದು. ಆ ಎರಡು ದಿನ ಆ ಹೋಟೆಲ್‌ಗಳು ಕಿಕ್ಕಿರಿದಿರುತ್ತವೆ, ಮಾಮೂಲಿ ಅಂಗಡಿಗಳಲ್ಲೂ ಕೆಲವು ಕಡೆ ಸಸ್ಯಾಹಾರ ಮಾಡುತ್ತಾರೆ. ಚಾಂದ್ರ ಕ್ಯಾಲೆಂಡರ್ ನೋಡಿ ಆ ದಿನ ಹ್ವೇಯಲ್ಲಿ ಇರುವ ಹಾಗೆ ಮಾಡಿಕೊಂಡರೆ ಹಬ್ಬವೇ.

ನಾನು ಅಲ್ಲಿ ತಿಂದ ಎಳೆ ಹಲಸಿನಕಾಯಿ ಸಲಾಡ್, ಮೇಲೆ ಹುರಿದ ಎಳ್ಳು, ಕಡಲೆಕಾಯಿ, ಪುದೀನದಂಥ ಸೊಪ್ಪು, ಅಕ್ಕಿ ಹಪ್ಪಳದಲ್ಲಿ ಮೊಗೆದು ತಿನ್ನುವುದು, ಅದು ನನಗೆ ಇಡೀ ಪ್ರವಾಸದ ಒಳ್ಳೆಯ ತಿಂಡಿ. ಇದನ್ನು ಮಾತ್ರ ಸಸ್ಯಾಹಾರದ ಹೋಟೆಲ್‌ನಲ್ಲೇ ತಿನ್ನಬೇಕು. ಬೇರೆ ಕಡೆ ಸಿಗಡಿ, ಹಂದಿ ಹಾಕುತ್ತಾರೆ. ಬುನ್ ಬೋ ಕೂಡ ಅಣಬೆ, ತೋಫು ಹಾಕಿ ಮಾಡಿದ್ದು ಸಿಗುತ್ತದೆ. ಕೆಲವು ತಿಂಡಿ ನೋಡಲು ಥೇಟ್ ಮಾಂಸದ ಹಾಗೆ ಇರುತ್ತದೆ. ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು ಅದು. ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಬೌದ್ಧ ಪದ್ಧತಿಯ ಅಡುಗೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಡುತ್ತಾರೆ. ಆದರೂ ಸಪ್ಪೆ ಅನ್ನಿಸುವುದಿಲ್ಲ.

ಎಚ್ಚರ ಬೇಕಾಗಿರುವುದು ಮಾಮೂಲಿ ಹೋಟೆಲ್‌ಗಳಲ್ಲಿ. ಬರೀ ಸೊಪ್ಪಿನ ಪಲ್ಯ ಅಂತ ಕೊಟ್ಟದ್ದರಲ್ಲೂ ನುವೋಕ್ ಮಾಮ್, ಅಂದರೆ ಮೀನಿನ ಸಾಸು, ಇರುತ್ತದೆ. ಅವರಿಗೆ ಅದು ಉಪ್ಪಿನ ಜಾಗದಲ್ಲಿರುವ ಪದಾರ್ಥ. ಯಾರೂ ಮೋಸ ಮಾಡುವುದಿಲ್ಲ, ಅದನ್ನು ಮಾಂಸ ಅಂತ ಅವರು ಲೆಕ್ಕ ಹಿಡಿಯುವುದಿಲ್ಲ ಅಷ್ಟೇ. ತೋಫು ಅಂದುಕೊಂಡು ತರಿಸಿದರೆ ಒಳಗೆ ಕೊಚ್ಚಿದ ಹಂದಿಮಾಂಸ ತುಂಬಿರಬಹುದು. ಅದಕ್ಕೆ ‘ನಾನು ಸಸ್ಯಾಹಾರಿ, ಮೀನಿನ ಸಾಸು ಬೇಡ, ಸಾರಿಗೆ ಎಲುಬು ಬೇಡ, ಸೋಯಾ ಸಾಸು ನಡೆಯುತ್ತದೆ’ ಅಂತ ಅವರ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಇಟ್ಟುಕೊಳ್ಳಿ. ಹೋಟೆಲ್ ರೂಮಿನ ರಿಸೆಪ್ಶನ್‌ನಲ್ಲಿ ಕೇಳಿದರೆ ಸಂತೋಷದಿಂದ ಬರೆದು ಕೊಡುತ್ತಾರೆ. ಬಾಯಲ್ಲಿ ಹೇಳಿದರೆ ಸ್ವರ ಹೆಚ್ಚುಕಡಿಮೆ ಆಗಿ ಅರ್ಥವೇ ಬದಲಾಗಿಬಿಡುತ್ತದೆ.

ಬೆಳಗಿನ ತಿಂಡಿಗೆ ಹನೋಯ್‌ನಲ್ಲಿ ಸೋಯ್ ಸೆಯೊ ನೋಡಿ. ಅರಿಸಿನ ಬಣ್ಣದ ಅಂಟಕ್ಕಿ ಅನ್ನ, ಮೇಲೆ ಬೆಂದ ಹೆಸರುಬೇಳೆಯನ್ನು ಚಾಕುವಿನಲ್ಲಿ ತೆಳ್ಳಗೆ ತುರಿದು ಹಾಕುತ್ತಾರೆ. ಮೇಲೆ ಸುರಿಯುವ ಎಣ್ಣೆ ಕೆಲವೊಮ್ಮೆ ಕೋಳಿಯ ಕೊಬ್ಬು, ಅದನ್ನು ಬೇಡ ಅನ್ನಬೇಕು. ಸಂಜೆಗೆ ಚೆ. ಹೆಸರುಕಾಳು, ಕಮಲದ ಬೀಜ, ತೆಂಗಿನಹಾಲು ಹಾಕಿದ ಸಿಹಿ. ಹ್ವೇಯ ಕಮಲದ ಬೀಜಕ್ಕೆ ದೇಶದಲ್ಲೆಲ್ಲ ಹೆಸರು. ಇಬ್ಬರೂ ಸೇರಿ ತಿನ್ನಲು ಇದಕ್ಕಿಂತ ಒಳ್ಳೆಯದು ಬೇಕಾ?

ಕಿಟಕಿಸೀಟು

ಊಟದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ರೈಲಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಹನೋಯ್‌ನಿಂದ ಸೈಗಾನ್‌ಗೆ 1,726 ಕಿ.ಮೀ. ರೈಲು ಮಾರ್ಗ. 1936ರಲ್ಲಿ ಪೂರ್ತಿಯಾಯಿತು, ಯುದ್ಧದಲ್ಲಿ ತುಂಡಾಯಿತು, 1976ರಲ್ಲಿ ಮತ್ತೆ ಕೂಡಿಸಿದರು. ಒಂದೇ ಬಾರಿಗೆ ಹೋದರೆ 30 ಗಂಟೆಗೂ ಜಾಸ್ತಿ. ಹಾಗೆ ಮಾಡಬೇಡಿ. ಹನೋಯ್‌ನಿಂದ ಹ್ವೇಗೆ 688 ಕಿ.ಮೀ. ರಾತ್ರಿ ರೈಲು ಹತ್ತಿ, ಬೆಳಗ್ಗೆ ಎದ್ದರೆ ಗದ್ದೆ ಕಾಣುತ್ತದೆ. ನಾಲ್ಕು ಬರ್ತ್‌ನ ಮೆತ್ತನೆ ಸ್ಲೀಪರ್ ತೆಗೆದುಕೊಳ್ಳಿ. ಆರು ಬರ್ತ್‌ನದ್ದರಲ್ಲಿ ಮೇಲಿನ ಬರ್ತ್‌ನಲ್ಲಿ ಕೂರಲೂ ಆಗುವುದಿಲ್ಲ.

ಹ್ವೇಯಿಂದ ದಾ ನಾಂಗ್‌ವರೆಗೆ ಹಗಲು ರೈಲನ್ನೇ ಹಿಡಿಯಿರಿ. ಸುಮಾರು ನೂರು ಕಿ.ಮೀ., ಮೂರು ಗಂಟೆಯ ಆಸುಪಾಸು. ಹಾಯ್ ವಾನ್ ಬೆಟ್ಟದ ಬುಡದಲ್ಲಿ ರೈಲು ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ. ಹೊಯ್ ಆನ್‌ಗೆ ರೈಲು ಇಲ್ಲ, ದಾ ನಾಂಗ್‌ನಲ್ಲಿ ಇಳಿದು ಸುಮಾರು 30 ಕಿ.ಮೀ. ರಸ್ತೆಯಲ್ಲಿ ಹೋಗಬೇಕು.

ತಿಂಗಳ ವಿಷಯ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯದ ಊರುಗಳಿಗೆ ಭಾರಿ ಮಳೆ, ಹೊಯ್ ಆನ್ ಬೀದಿಗಳಿಗೆ ನದಿ ನೀರೇ ನುಗ್ಗುತ್ತದೆ. ಮೂರೂ ಭಾಗ ಒಟ್ಟಿಗೆ ನೋಡಬೇಕು ಅಂದರೆ ಮಾರ್ಚ್, ಏಪ್ರಿಲ್ ಒಳ್ಳೆಯದು.

ನೀಲಿಚೀಲ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಲೆಮುಂದೆ ಅಕ್ಕಾ, ನೀವು ಬರೆದದ್ದನ್ನು ಗೆಳತಿಗೆ ಓದಿ ಹೇಳಿದೆ. ಕಾರಿನ ವಿಷಯ ಬಂದಾಗ ಫೋನ್ ಕಿತ್ತುಕೊಂಡು ತಾನೇ ಓದಿದಳು. ಮಾರ್ಚ್ ಕೊನೆಗೆ ಅಂತ ಇಬ್ಬರೂ ಒಪ್ಪಿದ್ದೇವೆ.

ಅಡುಗೆ ಕ್ಲಾಸ್, ದುಡ್ಡಿನ ಲೆಕ್ಕ ಎರಡೂ ಉಳಿದಿವೆ. ಇನ್ನೊಂದು: ದಿನಕ್ಕೆ ಒಂದು ಊಟ ಜೊತೆಗೆ ಅಂದಿರಲ್ಲ, ಅದು ಯಾವ ಊಟ ಆದರೆ ಚೆನ್ನ? ಚಾಯ್ ಹೋಟೆಲ್‌ಗೇ ಹೋಗಬೇಕಾ? ಹೊಯ್ ಆನ್ ಸುತ್ತ ಅವಳಿಗೆ ಇಷ್ಟ ಆಗುವ ಹಳೇ ಜಾಗ ಏನಾದರೂ ಇದೆಯಾ?

ಒಲೆಮುಂದೆ

ರಾತ್ರಿ ಊಟ ಇಟ್ಟುಕೊಳ್ಳಿ. ಬೆಳಗ್ಗೆ, ಮಧ್ಯಾಹ್ನ ಬಟ್ಟಲಿನ ತಿಂಡಿ ಆಯಿತಲ್ವಾ, ರಾತ್ರಿ ಅವರ ಮನೆಗಳಲ್ಲಿ ಉಣ್ಣುವ ಹಾಗೆ ಉಣ್ಣಿ. ಮಧ್ಯದಲ್ಲಿ ಅನ್ನ, ಒಂದು ಸಾರು, ಒಂದು ಸೊಪ್ಪು, ಎರಡು ಮೂರು ಪದಾರ್ಥ. ಎಲ್ಲರ ಕೈಯಲ್ಲೂ ಪುಟ್ಟ ಬಟ್ಟಲು. ಬೇಕಾದ್ದನ್ನು ಸ್ವಲ್ಪ ಸ್ವಲ್ಪ ಎತ್ತಿಕೊಳ್ಳುವುದು. ಉತ್ತರದ ಕಡೆ ಮನೆಗಳಲ್ಲಿ ಊಟ ಶುರು ಮಾಡುವ ಮೊದಲು ಚಿಕ್ಕವರು ದೊಡ್ಡವರನ್ನು ಒಬ್ಬೊಬ್ಬರನ್ನೇ ‘ಊಟ ಮಾಡಿ’ ಅಂತ ಕರೆಯುತ್ತಾರೆ. ಯಾರಾದರೂ ಮನೆಗೆ ಕರೆದರೆ ಹೋಗಿ, ಅದನ್ನು ನೋಡಿ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ. ಸತ್ತವರಿಗೆ ಹಚ್ಚುವ ಊದುಬತ್ತಿಯ ಹಾಗೆ ಕಾಣುತ್ತದೆ ಅಂತ ಅವರಿಗೆ ನೋವಾಗುತ್ತದೆ.

ರಾತ್ರಿಯ ಆ ಒಂದು ಊಟಕ್ಕೆ ಚಾಯ್ ಹೋಟೆಲ್‌ಗೇ ಹೋಗಿ. ನೀವು ಎಲ್ಲ ತಿನ್ನುವವರು, ನಿಮಗೆ ನಷ್ಟ ಏನೂ ಇಲ್ಲ. ನಿಮ್ಮ ಗೆಳತಿ ಪ್ರತಿ ತಟ್ಟೆಯನ್ನೂ ಅನುಮಾನದಿಂದ ನೋಡದೆ, ಎಲ್ಲದಕ್ಕೂ ಕೈ ಹಾಕಿ ತಿನ್ನುವ ಊಟ ಅದು. ಎದುರು ಕೂತವರು ನೆಮ್ಮದಿಯಾಗಿ ತಿನ್ನುತ್ತಿದ್ದರೆ ನಮಗೂ ರುಚಿ ಜಾಸ್ತಿ. ನಿಮ್ಮ ಮೊದಲ ಪ್ರಶ್ನೆಯಲ್ಲಿ ಇದ್ದ ಚಿಂತೆಗೆ ನನ್ನ ಹತ್ತಿರ ಇರುವ ಉತ್ತರ ಇದೇ.

ಅಡುಗೆ ಕ್ಲಾಸ್‌ಗೆ ಖಂಡಿತ ದುಡ್ಡು ಹಾಕಿ, ಹೊಯ್ ಆನ್‌ನಲ್ಲಿ. ಮೊದಲು ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ, ಆಮೇಲೆ ನಾವೇ ಮಾಡುವ ಹಾಗೆ ಇರುವುದನ್ನು ಆರಿಸಿ. ಬರೀ ಅವರು ಮಾಡಿ ನಾವು ನೋಡುವಂಥದ್ದು ಬೇಡ. ಹತ್ತಿರದಲ್ಲಿ ತ್ರಾ ಕ್ವೆ ಅಂತ ಸೊಪ್ಪು ಬೆಳೆಯುವ ಹಳ್ಳಿ ಇದೆ. ನದಿಯ ಪಾಚಿಯನ್ನು ಗೊಬ್ಬರವಾಗಿ ಹಾಕಿ ಬೆಳೆಯುತ್ತಾರೆ. ಕೆಲವು ಕ್ಲಾಸ್‌ಗಳು ಅಲ್ಲೇ ನಡೆಯುತ್ತವೆ. ಬುಕ್ ಮಾಡುವಾಗಲೇ ಒಬ್ಬರು ಸಸ್ಯಾಹಾರಿ ಅಂತ ಬರೆಯಿರಿ. ಆಗ ಒಂದೇ ಬಾನ್ ಸೆಯೊ ದೋಸೆಯನ್ನು ನೀವು ಸಿಗಡಿ ಹಾಕಿ, ಅವರು ಅಣಬೆ ಹಾಕಿ ಪಕ್ಕಪಕ್ಕದ ಒಲೆಯಲ್ಲಿ ಹುಯ್ಯಬಹುದು.

ಹಳೇ ಜಾಗ ಕೇಳಿದಿರಿ. ಮೀ ಸೋನ್! ಹಿಂದೆ ಆ ಭಾಗವನ್ನು ಆಳುತ್ತಿದ್ದ ಚಾಂಪಾ ಅರಸರು 4ರಿಂದ 13ನೇ ಶತಮಾನದವರೆಗೆ ಕಟ್ಟಿದ ಇಟ್ಟಿಗೆ ಗುಡಿಗಳು, ಹೆಚ್ಚಿನವು ಶಿವನವು. ಸಂಸ್ಕೃತ ಶಾಸನಗಳೂ ಇವೆ. 1969ರಲ್ಲಿ ಅಮೆರಿಕದ ಬಾಂಬ್ ದಾಳಿಗೆ ದೊಡ್ಡ ಗುಡಿಯೇ ಬಿದ್ದುಹೋಯಿತು. 2020ರಲ್ಲಿ ಅಲ್ಲಿ ದುರಸ್ತಿ ಮಾಡುವಾಗ 9ನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣುವುದಿಲ್ಲ, ಹತ್ತಿರ ಹೋಗಿ ನೋಡಲು ಹೇಳಿ. ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಬೇಕು, ಆಮೇಲೆ ಬಿಸಿಲು ತಡೆಯಲು ಆಗದು. ಎಂಟರ ಮೊದಲು ಏಳದ ನಿಮ್ಮ ಗೆಳತಿ ಇದಕ್ಕೆ ಎದ್ದೇ ಏಳುತ್ತಾರೆ, ನನ್ನವಳೂ ಎದ್ದಿದ್ದಳು. ಅಲ್ಲಿಂದ ತಂದ ಶಿಲ್ಪಗಳಲ್ಲಿ ಒಳ್ಳೆಯವು ದಾ ನಾಂಗ್‌ನ ಚಾಮ್ ಮ್ಯೂಸಿಯಂನಲ್ಲಿವೆ. ರೈಲು ಇಳಿದ ದಿನವೇ ಅದನ್ನು ನೋಡಿಬಿಟ್ಟರೆ ಮೀ ಸೋನ್‌ನಲ್ಲಿ ಖಾಲಿ ಗುಡಿಗಳ ಮುಂದೆ ನಿಂತಾಗ ಒಳಗೆ ಏನಿತ್ತು ಅಂತ ಗೊತ್ತಿರುತ್ತದೆ.

ದುಡ್ಡು. ನಾವು ಒಂದು ಸಣ್ಣ ಪರ್ಸ್ ಇಟ್ಟಿದ್ದೆವು. ಇಬ್ಬರೂ ಸಮ ಸಮ ಡಾಂಗ್ (ಅಲ್ಲಿನ ಹಣ) ಹಾಕುವುದು, ಊಟ, ಟಿಕೆಟ್, ಟ್ಯಾಕ್ಸಿ ಎಲ್ಲ ಅದರಿಂದ. ಖಾಲಿಯಾದರೆ ಮತ್ತೆ ಹಾಕುವುದು. ಬಟ್ಟೆ, ಉಡುಗೊರೆ ಅವರವರ ಕೈಯಿಂದ. ನಾನು ಒಂದು ಬಟ್ಟಲು ಜಾಸ್ತಿ ತಿಂದೆ, ಅವಳು ಒಂದು ಮ್ಯೂಸಿಯಂ ಜಾಸ್ತಿ ನೋಡಿದಳು ಅನ್ನುವ ಲೆಕ್ಕಕ್ಕೆ ನಾವು ಹೋಗಲೇ ಇಲ್ಲ. ನೋಟು ಕೊಡುವಾಗ ಮಾತ್ರ ಸೊನ್ನೆ ಎಣಿಸಿ ಕೊಡಿ. 20,000ದ್ದೂ ನೀಲಿ, 5,00,000ದ್ದೂ ನೀಲಿ. ಎರಡನ್ನೂ ಪರ್ಸಿನ ಬೇರೆ ಬೇರೆ ಖಾನೆಯಲ್ಲಿ ಇಟ್ಟರೆ ಒಳ್ಳೆಯದು. ಮೇಜಿನ ಮೇಲೆ ಇಟ್ಟಿರುವ ಪ್ಯಾಕೆಟ್ ಒದ್ದೆ ಟಿಶ್ಯೂ ಹರಿದರೆ ಬಿಲ್ಲಿಗೆ ಸೇರುತ್ತದೆ, ಅದು ಅಲ್ಲಿನ ರೂಢಿ.

ಇ-ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಾರೆ, ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಕೂತು, ಒಬ್ಬರದ್ದನ್ನು ಇನ್ನೊಬ್ಬರು ಓದಿ ನೋಡಿ ಕಳಿಸಿ.